ಜಿಎಸ್‌ಟಿ ಇಲಾಖೆ ನಿಮ್ಮ ಬ್ಯಾಂಕ್ ಖಾತೆ ಜಪ್ತಿ ಮಾಡಿದರೆ: ಕಾನೂನಿನ ಮಿತಿ ಎಲ್ಲಿದೆ, ನೀವು ಮಾಡಬೇಕಾದ್ದೇನು

ಸರಕಿನ ದುಡ್ಡು ಕಳಿಸೋಣ ಅಂತ ಅಂಗಡಿಯ ಕರೆಂಟ್ ಅಕೌಂಟ್ ತೆರೆಯುತ್ತೀರಿ, ದುಡ್ಡು ಹೋಗುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ "ಜಿಎಸ್‌ಟಿಯವರಿಂದ ಲೆಟರ್ ಬಂದಿದೆ ಸಾರ್, ನಮ್ಮ ಕೈಲೇನಿಲ್ಲ" ಎನ್ನುತ್ತಾರೆ. ಅಲ್ಲಿಂದ ಮುಂದೆ ಹೆಚ್ಚಿನ ವ್ಯಾಪಾರಿಗಳಿಗೆ ತೋಚುವುದು ಎರಡೇ ದಾರಿ. ಒಂದು, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಕೇಳಿಕೊಳ್ಳುವುದು. ಇನ್ನೊಂದು, ಕಚೇರಿಯಲ್ಲಿ ಹೇಳಿದಷ್ಟು ಕಟ್ಟಿ ಖಾತೆ ಬಿಡಿಸಿಕೊಳ್ಳುವುದು. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಸೆಕ್ಷನ್ ಪ್ರಕಾರ ಹಿಡಿದಿದ್ದಾರೆ?

ಖಾತೆ ಹಿಡಿಯುವ ಅಧಿಕಾರ ಇಲಾಖೆಗೆ ನಿಜವಾಗಿಯೂ ಇದೆ. ಆದರೆ ಅದಕ್ಕೆ ಕಾರಣ ಇರಬೇಕು, ಅಳತೆ ಇರಬೇಕು, ಅವಧಿ ಇರಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಅಂತ ಆದೇಶದ ಪ್ರತಿ ಕೈಯಲ್ಲಿದ್ದರೆ ಮಾತ್ರ ತೋರಿಸಬಹುದು.

ಮೊದಲು, ಹಿಡಿದವರು ಯಾರು ಅಂತ ತಿಳಿಯಿರಿ

ಖಾತೆ ನಿಂತ ತಕ್ಷಣ "ಜಿಎಸ್‌ಟಿ ಇರಬೇಕು" ಅಂತ ಊಹೆ ಮಾಡಬೇಡಿ. ಕೆವೈಸಿ ಬಾಕಿ ಇದ್ದರೆ ಬ್ಯಾಂಕೇ ನಿಲ್ಲಿಸಿರುತ್ತದೆ. ಎಲ್ಲೋ ನಡೆದ ಆನ್‌ಲೈನ್ ವಂಚನೆಯ ದುಡ್ಡು ಕೈಬದಲಾಗಿ ನಿಮ್ಮ ಯುಪಿಐಗೆ ಬಂದಿದ್ದರೆ ಸೈಬರ್ ಪೊಲೀಸರು ನಿಲ್ಲಿಸಿರಬಹುದು, ಅದರ ದಾರಿಯೇ ಬೇರೆ. ಆದಾಯ ತೆರಿಗೆ, ಪಿಎಫ್, ಇಎಸ್‌ಐ ಬಾಕಿಗೂ ಖಾತೆ ಹಿಡಿಯುತ್ತಾರೆ.

ಬ್ಯಾಂಕಿಗೆ ಲಿಖಿತವಾಗಿ, ಇಮೇಲ್ ಆದರೂ ಸಾಕು, ನಾಲ್ಕು ವಿಷಯ ಕೇಳಿ: ಆದೇಶ ಕೊಟ್ಟ ಕಚೇರಿ ಯಾವುದು, ಅದರ ನಂಬರ್ ಮತ್ತು ದಿನಾಂಕ ಏನು, ಎಷ್ಟು ಮೊತ್ತಕ್ಕೆ ಹಿಡಿದಿದ್ದಾರೆ, ಪೂರ್ತಿ ಖಾತೆ ನಿಂತಿದೆಯಾ ಅಥವಾ ಅಷ್ಟು ಮೊತ್ತಕ್ಕೆ ಮಾತ್ರ ಲೀನ್ (ಅಷ್ಟು ದುಡ್ಡು ತೆಗೆಯದಂತೆ ತಡೆ) ಹಾಕಿದ್ದಾರಾ. ಜತೆಗೆ ಪತ್ರದ ಪ್ರತಿಯನ್ನೂ ಕೇಳಿ. ಮ್ಯಾನೇಜರ್ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ತೆರಿಗೆ ವಸೂಲಿ ನೋಟಿಸ್ ಬಂದ ಮೇಲೂ ದುಡ್ಡು ಬಿಟ್ಟರೆ ಆ ಮೊತ್ತಕ್ಕೆ ಬ್ಯಾಂಕೇ ಹೊಣೆಯಾಗಬೇಕಾಗುತ್ತದೆ. ಹಾಗಾಗಿ ಅವರು ತಾವಾಗಿ ಬಿಡುವುದಿಲ್ಲ.

ಆಮೇಲೆ ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ. ಇಲ್ಲಿ ತುಂಬ ಜನ ಎಡವುತ್ತಾರೆ. ನೋಟಿಸ್ ನೋಡುವ ಜಾಗ ಎರಡಿವೆ. "ವ್ಯೂ ನೋಟಿಸಸ್ ಅಂಡ್ ಆರ್ಡರ್ಸ್" ಒಂದು, "ವ್ಯೂ ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್" ಇನ್ನೊಂದು. ಮೊದಲನೆಯದನ್ನು ಮಾತ್ರ ನೋಡಿ "ಏನೂ ಬಂದಿಲ್ಲ" ಅಂತ ಇರುತ್ತಾರೆ. ಶೋಕಾಸ್ ನೋಟಿಸ್ (ಕಾರಣ ಕೇಳುವ ನೋಟಿಸ್), ತೆರಿಗೆ ಬೇಡಿಕೆಯ ಆದೇಶ ಎರಡನೆಯ ಕಡೆ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಪೋರ್ಟಲ್‌ಗೆ ಹಾಕಿದರೆ ಅಥವಾ ನೋಂದಣಿ ಮಾಡಿಸಿದ ಇಮೇಲ್‌ಗೆ ಕಳಿಸಿದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 169ರ ಪ್ರಕಾರ ಅದು ತಲುಪಿಸಿದ ಲೆಕ್ಕ. ನೋಂದಣಿಯಲ್ಲಿ ಹಳೆಯ ಅಕೌಂಟೆಂಟ್‌ನ ಇಮೇಲ್, ಮೊಬೈಲ್ ನಂಬರ್ ಇದ್ದರೆ ಇವತ್ತೇ ಬದಲಾಯಿಸಿ.

ಎರಡು ಬಗೆಯ ಜಪ್ತಿ: 83 ಮತ್ತು 79

ಇಡೀ ವಿಷಯ ನಿಂತಿರುವುದು ಈ ಎರಡು ಸೆಕ್ಷನ್‌ಗಳ ಮೇಲೆ.

ಪತ್ರದ ಮೇಲೆ ಡಿಆರ್‌ಸಿ-22 ಅಂತ ಫಾರಂ ನಂಬರ್ ಇದ್ದರೆ ಅದು ಸೆಕ್ಷನ್ 83ರ ತಾತ್ಕಾಲಿಕ ಜಪ್ತಿ. ನೀವು ತೆರಿಗೆ ಕೊಡಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ಮುಂದೆ ತೀರ್ಮಾನ ಆಗುವ ಹೊತ್ತಿಗೆ ದುಡ್ಡು ಸಿಗದೆ ಹೋದೀತು ಅನ್ನುವ ಭಯಕ್ಕೆ ಮುಂಚೆಯೇ ಹಿಡಿದಿಟ್ಟಿದ್ದಾರೆ.

ಡಿಆರ್‌ಸಿ-13 ಅಂತ ಇದ್ದರೆ ಅದು ಸೆಕ್ಷನ್ 79ರ ವಸೂಲಿ. ಇಲಾಖೆಯ ಲೆಕ್ಕದಲ್ಲಿ ನಿಮ್ಮ ಬಾಕಿ ತೀರ್ಮಾನ ಆಗಿಹೋಗಿದೆ. ಖಾತೆಯಲ್ಲಿರುವ ದುಡ್ಡನ್ನು ಸರ್ಕಾರಕ್ಕೆ ಕಟ್ಟಿ ಅಂತ ಬ್ಯಾಂಕಿಗೆ ಹೇಳಿದ್ದಾರೆ. ಇಲ್ಲಿ ದುಡ್ಡು ಸುಮ್ನೆ ನಿಲ್ಲುವುದಿಲ್ಲ, ಹೋಗಿಯೇಬಿಡುತ್ತದೆ. ಹಾಗಾಗಿ ಇದರಲ್ಲಿ ಒಂದೊಂದು ದಿನವೂ ಮುಖ್ಯ.

ಬರಿಯ ನೋಟಿಸ್ ಇವೆರಡೂ ಅಲ್ಲ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಎಷ್ಟು ಹೆದರಿದ್ದರು ಅಂತ ನೆನಪಿದೆ ಅಲ್ವಾ? "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ನೋಟಿಸ್ ಅಂದರೆ ವಿವರಣೆ ಕೇಳುವ ಪತ್ರ. ಮಾರಿದ್ದು ಹಾಲು, ತಾಜಾ ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸರಕು ಅಂತ ತೋರಿಸಿದರೆ ಲೆಕ್ಕವೇ ಬದಲಾಗುತ್ತದೆ. ಆದರೆ ಉತ್ತರ ಕೊಡದೆ ಬಿಟ್ಟ ನೋಟಿಸ್ ಮುಂದೆ ಆದೇಶವಾಗುತ್ತದೆ, ಆದೇಶ ಡಿಆರ್‌ಸಿ-13 ಆಗುತ್ತದೆ. ಹೆದರಬೇಕಾದದ್ದು ನೋಟಿಸಿಗಲ್ಲ, ಅದಕ್ಕೆ ಉತ್ತರ ಕೊಡದೆ ಕೂರುವುದಕ್ಕೆ.

ಸೆಕ್ಷನ್ 83: ಆದೇಶವನ್ನು ಹೀಗೆ ಓದಿ

2021ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟ್ ರಾಧಾಕೃಷ್ಣ ಇಂಡಸ್ಟ್ರೀಸ್ ಪ್ರಕರಣದ ತೀರ್ಪು ಕೊಟ್ಟಿತು. ಹಿಮಾಚಲ ಪ್ರದೇಶದ ಒಂದು ಕಾರ್ಖಾನೆಗೆ ಗಿರಾಕಿಗಳಿಂದ ಬರಬೇಕಿದ್ದ ಹಣವನ್ನೇ ತೆರಿಗೆ ಇಲಾಖೆ ಹಿಡಿದಿತ್ತು. ತಕರಾರು ಇದ್ದದ್ದು ಅವರಿಗೆ ಸರಕು ಕೊಟ್ಟ ಇನ್ನೊಬ್ಬರ ಬಿಲ್ಲುಗಳ ಬಗ್ಗೆ. ಆ ಜಪ್ತಿಯನ್ನು ಕೋರ್ಟ್ ರದ್ದು ಮಾಡಿತು. ಈ ಅಧಿಕಾರ ತೀರಾ ಕಠೋರವಾದದ್ದು, ಕಾನೂನು ಹಾಕಿದ ಷರತ್ತುಗಳನ್ನು ಒಂದೂ ಬಿಡದೆ ಪಾಲಿಸಬೇಕು ಎಂದಿತು. ಖಾತೆ ಜಪ್ತಿಯ ತಕರಾರಿನಲ್ಲಿ ನಿಮ್ಮ ವಕೀಲರು ಮೊದಲು ತೆಗೆಯುವ ತೀರ್ಪು ಇದೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಡಿಆರ್‌ಸಿ-22 ತೆಗೆದು ನೋಡಿ.

ಯಾವ ಪ್ರಕ್ರಿಯೆ ಶುರುವಾಗಿದೆ ಅಂತ ಬರೆದಿದ್ದಾರಾ? 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಕಾಯ್ದೆಯ 12, 14 ಅಥವಾ 15ನೇ ಅಧ್ಯಾಯದ ಕೆಳಗೆ ಏನಾದರೂ ಶುರುವಾಗಿರಲೇಬೇಕು. ಅಂದರೆ ತೆರಿಗೆ ನಿರ್ಧಾರ, ತಪಾಸಣೆ ಮತ್ತು ಶೋಧ, ಅಥವಾ ಬೇಡಿಕೆ ಮತ್ತು ವಸೂಲಿ. ಆಡಿಟ್ ಇರುವುದು 13ನೇ ಅಧ್ಯಾಯದಲ್ಲಿ, ಅದು ಈ ಪಟ್ಟಿಯಲ್ಲಿಲ್ಲ. ಬರೀ ಆಡಿಟ್ ನಡೀತಿದೆ ಅನ್ನುವ ಕಾರಣಕ್ಕೆ ಹಿಡಿದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪ.

ಯಾರ ಖಾತೆ ಹಿಡಿದಿದ್ದಾರೆ? ತೆರಿಗೆದಾರರದ್ದು ಹಿಡಿಯಬಹುದು. ಸುಳ್ಳು ಬಿಲ್ಲಿನಂಥ ವ್ಯವಹಾರ ಮಾಡಿಸಿ ಅದರ ಲಾಭ ಉಳಿಸಿಕೊಂಡವರು, ಅಂದರೆ ಸೆಕ್ಷನ್ 122(1ಎ)ಯಲ್ಲಿ ಬರುವವರದ್ದೂ ಹಿಡಿಯಬಹುದು. ಹೆಂಡತಿ, ತಮ್ಮ, ಅಪ್ಪ ಅನ್ನುವ ಸಂಬಂಧ ಮಾತ್ರಕ್ಕೆ ಅವರ ಖಾತೆ ಮುಟ್ಟುವಂತಿಲ್ಲ.

ಕಾರಣ ಏನು ಕೊಟ್ಟಿದ್ದಾರೆ? ಇದೇ ಎಲ್ಲಕ್ಕಿಂತ ದೊಡ್ಡದು. "ಸರ್ಕಾರದ ವರಮಾನ ಕಾಪಾಡಲು ಅಗತ್ಯ" ಅಂತ ಒಂದು ಸಾಲು ಅಚ್ಚು ಹಾಕಿದರೆ ಸಾಲದು. ಈ ವ್ಯಕ್ತಿ ಆಸ್ತಿ ಮಾರಿಕೊಳ್ಳುತ್ತಾನೆ, ಹಣ ಬೇರೆ ಕಡೆ ದಾಟಿಸುತ್ತಾನೆ, ಬೇಡಿಕೆ ಬರುವ ಹೊತ್ತಿಗೆ ಕೈಗೆ ಸಿಗುವುದಿಲ್ಲ ಅಂತ ಅನ್ನಿಸಲು ಕಣ್ಣಿಗೆ ಕಾಣುವ ಆಧಾರ ಆಯುಕ್ತರ ಮುಂದೆ ಇರಬೇಕು. ಜಪ್ತಿ ಮಾಡದೆ ಬೇರೆ ದಾರಿಯೇ ಇಲ್ಲ ಅನ್ನುವಂತಿರಬೇಕು. ಹಿಡಿದರೆ ಅನುಕೂಲ ಅಂತ ಹಿಡಿಯುವುದಲ್ಲ. ಎಷ್ಟೋ ವರ್ಷದಿಂದ ಒಂದೇ ಜಾಗದಲ್ಲಿ ವ್ಯಾಪಾರ, ಸ್ವಂತ ಕಟ್ಟಡ, ತಪ್ಪದೆ ರಿಟರ್ನ್, ಕರೆದಾಗಲೆಲ್ಲ ಹೋಗಿ ಹೇಳಿಕೆ ಕೊಟ್ಟಿದ್ದೀರಿ. ಓಡಿಹೋಗುವವರ ಲಕ್ಷಣವಾ ಇದು? ಅದನ್ನೇ ದಾಖಲೆ ಇಟ್ಟು ಬರೆಯಿರಿ.

ಎಷ್ಟು ಹಿಡಿದಿದ್ದಾರೆ? 2021ರ ಫೆಬ್ರವರಿ 23ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ಹಿಡಿಯುವ ಆಸ್ತಿಯ ಬೆಲೆ ಬರಬೇಕಾದ ತೆರಿಗೆಗೆ ಆದಷ್ಟು ಹತ್ತಿರ ಇರಬೇಕು. ಸ್ಥಿರಾಸ್ತಿ ಸಾಲದಿದ್ದಾಗ ಮಾತ್ರ ಸಾಮಾನ್ಯವಾಗಿ ಚರಾಸ್ತಿಗೆ ಕೈ ಹಾಕಬೇಕು. ದಿನನಿತ್ಯದ ವ್ಯಾಪಾರಕ್ಕೆ ತೊಂದರೆ ಆಗಬಾರದು. ತಾಂತ್ರಿಕ ತಪ್ಪುಗಳಿಗೆಲ್ಲ ಈ ಅಸ್ತ್ರ ಬಳಸಬಾರದು. ನಿಮ್ಮ ಪ್ರಕರಣ ಕೇಂದ್ರ ಜಿಎಸ್‌ಟಿ ಕಚೇರಿಯದ್ದಾದರೆ ಇದನ್ನು ನೇರವಾಗಿ ಎತ್ತಿ ತೋರಿಸಿ. ರಾಜ್ಯದ ಕಚೇರಿಯಾದರೂ ವಾದಕ್ಕೆ ಬಲ ಕೊಡುತ್ತದೆ. ಅಳತೆ ಮೀರಬಾರದು ಅಂತ ರಾಧಾಕೃಷ್ಣ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕೊನೆಯದು ದಿನಾಂಕ. ತಾತ್ಕಾಲಿಕ ಜಪ್ತಿಯ ಆಯಸ್ಸು ಆದೇಶದ ದಿನದಿಂದ ಒಂದೇ ವರ್ಷ. ಅದು ಮುಗಿದ ಮೇಲೆ ತಾನಾಗಿ ಬಿದ್ದುಹೋಗುತ್ತದೆ. ಹಳೆಯದು ಮುಗಿದ ತಕ್ಷಣ ಅದೇ ಕಾರಣಕ್ಕೆ ಇನ್ನೊಂದು ಡಿಆರ್‌ಸಿ-22 ಹಾಕುವ ಅಭ್ಯಾಸ ಇತ್ತು. ಗುಜರಾತಿನ ಕೇಸರಿ ನಂದನ್ ಮೊಬೈಲ್ ಪ್ರಕರಣದಲ್ಲಿ 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಒಂದು ವರ್ಷದ ಮಿತಿ ಇಟ್ಟ ಕಾನೂನಿನಲ್ಲಿ ನವೀಕರಣಕ್ಕೆ ಜಾಗವಿಲ್ಲ ಎಂದಿತು. ವರ್ಷದ ಒಳಗೇ ಅಂತಿಮ ಆದೇಶ ಬಂದುಬಿಟ್ಟರೆ ಅಲ್ಲಿಗೇ ತಾತ್ಕಾಲಿಕ ಜಪ್ತಿ ಮುಗಿಯುತ್ತದೆ. ಆಮೇಲೆ ಇರುವುದು ವಸೂಲಿಯ ನಿಯಮ.

ಕ್ಯಾಶ್ ಕ್ರೆಡಿಟ್ ಖಾತೆ ಇದ್ದರೆ

ಕ್ಯಾಶ್ ಕ್ರೆಡಿಟ್ (ಸಿಸಿ) ಅಥವಾ ಓವರ್‌ಡ್ರಾಫ್ಟ್ (ಓಡಿ) ಖಾತೆಯಲ್ಲಿ ಇರುವುದು ನಿಮ್ಮ ದುಡ್ಡಲ್ಲ, ಬ್ಯಾಂಕಿನ ಸಾಲ. ಬ್ಯಾಂಕು ನಿಮಗೆ ಏನೂ ಕೊಡಬೇಕಿಲ್ಲ, ನೀವೇ ಬ್ಯಾಂಕಿಗೆ ಕೊಡಬೇಕು. ಆದ್ದರಿಂದ ಇಂಥ ಖಾತೆಯನ್ನು ಸೆಕ್ಷನ್ 83ರಲ್ಲಿ ಹಿಡಿಯಲು ಬರುವುದಿಲ್ಲ ಅಂತ ಗುಜರಾತ್, ಕಲ್ಕತ್ತಾ, ಬಾಂಬೆ ಹೈಕೋರ್ಟ್‌ಗಳು ಹೇಳಿವೆ. ಕಾರ್ಖಾನೆ, ಹೋಲ್‌ಸೇಲ್ ನಡೆಸುವವರಿಗೆ ಇದು ತುಂಬ ದೊಡ್ಡ ಅಂಶ. ಬ್ಯಾಂಕಿನಿಂದ "ಇದು ಸಿಸಿ ಖಾತೆ, ಲಿಮಿಟ್ ಇಷ್ಟು, ಈ ದಿನಕ್ಕೆ ಸಾಲದ ಬಾಕಿ ಇಷ್ಟು" ಅಂತ ಒಂದು ಪತ್ರ ಪಡೆದು ಆಕ್ಷೇಪಣೆಗೆ ಲಗತ್ತಿಸಿ. ಎಷ್ಟೋ ಸಲ ಅಧಿಕಾರಿಗೆ ಅದು ಸಿಸಿ ಖಾತೆ ಅಂತಲೇ ಗೊತ್ತಿರುವುದಿಲ್ಲ. ಪೋರ್ಟಲ್‌ನಲ್ಲಿ ಕಂಡ ಖಾತೆ ನಂಬರನ್ನೆಲ್ಲ ಬರೆದುಬಿಟ್ಟಿರುತ್ತಾರೆ.

ಆಕ್ಷೇಪಣೆ ಬರೆಯುವುದು ಹೇಗೆ

ಜಿಎಸ್‌ಟಿ ನಿಯಮ 159(5)ರಲ್ಲಿ ನಿಮಗೊಂದು ಹಕ್ಕಿದೆ. ಡಿಆರ್‌ಸಿ-22ಎ ಫಾರಂನಲ್ಲಿ ಆಕ್ಷೇಪಣೆ ಹಾಕಬಹುದು. ಮೊದಲು ಏಳು ದಿನದೊಳಗೆ ಹಾಕಬೇಕಿತ್ತು. 2022ರಿಂದ ಆ ಗಡುವು ತೆಗೆದಿದ್ದಾರೆ. ಹಾಗಂತ ತಡ ಮಾಡಬೇಡಿ. ಆಕ್ಷೇಪಣೆ ಬಂದ ಮೇಲೆ ಆಯುಕ್ತರು ನಿಮ್ಮ ಮಾತು ಕೇಳಬೇಕು, ಕಾರಣ ಕೊಟ್ಟು ಆದೇಶ ಮಾಡಬೇಕು. ಆಕ್ಷೇಪಣೆ ಹಾಕುವುದೂ ಹಾಜರಾಗಿ ಹೇಳುವುದೂ ಎರಡೂ ನಿಮ್ಮ ಹಕ್ಕು, ಒಂದು ಕೊಟ್ಟು ಇನ್ನೊಂದು ಬಿಡುವಂತಿಲ್ಲ ಅಂತ ಅದೇ ರಾಧಾಕೃಷ್ಣ ತೀರ್ಪು ಹೇಳುತ್ತದೆ.

ಆಕ್ಷೇಪಣೆಯಲ್ಲಿ ಕಷ್ಟದ ಕಥೆಗಿಂತ ಲೆಕ್ಕ ಜಾಸ್ತಿ ಕೆಲಸ ಮಾಡುತ್ತದೆ. ಉದಾಹರಣೆಗೆ, ತಕರಾರಿರುವ ತೆರಿಗೆ 18 ಲಕ್ಷ ಅಂತಿಟ್ಟುಕೊಳ್ಳಿ. ನಿಮ್ಮ ಮೂರು ಖಾತೆ ಹಿಡಿದಿದ್ದಾರೆ, ಮೂರರಲ್ಲೂ ಸೇರಿ 31 ಲಕ್ಷ ಇದೆ. ಜತೆಗೆ ನಿಮ್ಮ ಹೆಸರಿನಲ್ಲಿ ಸಾಲವಿಲ್ಲದ ಒಂದು ಗೋಡೌನ್ ಇದೆ. ಆಗ ಹೀಗೆ ಬರೆಯಬಹುದು:

"ತಕರಾರಿನಲ್ಲಿರುವ ತೆರಿಗೆ 18 ಲಕ್ಷ ರೂಪಾಯಿ. ಜಪ್ತಿಯಾದ ಮೂರು ಖಾತೆಗಳಲ್ಲಿ 31 ಲಕ್ಷ ರೂಪಾಯಿ ಇದೆ. ಇದು ಅಗತ್ಯಕ್ಕಿಂತ 13 ಲಕ್ಷ ಹೆಚ್ಚು. ಪ್ರತಿ ತಿಂಗಳು 5ನೇ ತಾರೀಕಿನೊಳಗೆ 11 ಜನ ಕೆಲಸಗಾರರ ಸಂಬಳ, 10ಕ್ಕೆ ಬ್ಯಾಂಕ್ ಸಾಲದ ಕಂತು, 20ಕ್ಕೆ ಜಿಎಸ್‌ಟಿ ಇದೇ ಖಾತೆಗಳಿಂದ ಹೋಗಬೇಕು. ತೆರಿಗೆಯ ಭದ್ರತೆಗೆ ನನ್ನ ಗೋಡೌನ್ ಆಸ್ತಿಯನ್ನು ನೀಡಲು ಸಿದ್ಧನಿದ್ದೇನೆ. ಖಾತೆಗಳ ಜಪ್ತಿ ತೆರವು ಮಾಡಬೇಕು. ಅದು ಆಗದಿದ್ದರೆ 18 ಲಕ್ಷಕ್ಕೆ ಮಾತ್ರ ಲೀನ್ ಉಳಿಸಿ ಉಳಿದ ವಹಿವಾಟಿಗೆ ಅವಕಾಶ ಕೊಡಬೇಕು."

ಗಮನಿಸಿ, ಇಲ್ಲಿ ಒಂದು ಕೋರಿಕೆಯ ಹಿಂದೆ ಇನ್ನೊಂದಿದೆ. ಪೂರ್ತಿ ತೆರವು ಕೇಳಿ. ಅದು ಆಗದಿದ್ದರೆ ಮೊತ್ತಕ್ಕೆ ಸೀಮಿತ ಮಾಡಿ ಅಂತ ಕೇಳಿ. ಅದೂ ಆಗದಿದ್ದರೆ ಸಂಬಳಕ್ಕೂ ಸರ್ಕಾರಕ್ಕೆ ಕಟ್ಟುವ ತೆರಿಗೆಗೂ ದುಡ್ಡು ತೆಗೆಯಲು ಬಿಡಿ ಅಂತ ಕೇಳಿ. ಅಧಿಕಾರಿಗೆ ಪೂರ್ತಿ ಬಿಡಲು ಧೈರ್ಯ ಬರದಿದ್ದರೂ ಎರಡನೆಯದಕ್ಕೆ ಒಪ್ಪುವ ಸಾಧ್ಯತೆ ಇರುತ್ತದೆ. ಸಂಬಳದ ಪಟ್ಟಿ, ಸಾಲದ ಕಂತಿನ ಪಟ್ಟಿ, ಎರಡು ವರ್ಷದ ರಿಟರ್ನ್, ಆಸ್ತಿಯ ಖಾತಾ ಮತ್ತು ಇಸಿ, ಬ್ಯಾಲೆನ್ಸ್ ಶೀಟ್ ಲಗತ್ತಿಸಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ಒಪ್ಪಿದರೆ ಡಿಆರ್‌ಸಿ-23 ಅನ್ನುವ ಬಿಡುಗಡೆ ಆದೇಶ ಕೊಡುತ್ತಾರೆ. ಬಾಯಿಮಾತಿನ "ಬಿಟ್ಟಿದ್ದೀವಿ ಹೋಗಿ" ಬ್ಯಾಂಕಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. "ಡಿಆರ್‌ಸಿ-03ರಲ್ಲಿ ಇಷ್ಟು ಕಟ್ಟಿಬಿಡಿ, ನಾಳೆಯೇ ಖಾತೆ ಬಿಡ್ತೀವಿ" ಅನ್ನುವ ಮಾತು ಬರಬಹುದು. ಡಿಆರ್‌ಸಿ-03 ಅಂದರೆ ಸ್ವಂತ ಇಚ್ಛೆಯಿಂದ ಕಟ್ಟುವ ತೆರಿಗೆ. ತಪಾಸಣೆ ವೇಳೆ ಒತ್ತಾಯ ಮಾಡಿ ಕಟ್ಟಿಸಬಾರದು ಅಂತ ಕೇಂದ್ರ ಇಲಾಖೆಯೇ 2022ರ ಮೇ 25ರಂದು ಸೂಚನೆ ಹೊರಡಿಸಿದೆ. ನಿಜವಾಗಿ ಬಾಕಿ ಇದ್ದರೆ ಕಟ್ಟಿ, ಮುಂದಿನ ಬಡ್ಡಿಯ ಖರ್ಚಾದರೂ ಉಳಿಯುತ್ತದೆ. ಒಪ್ಪದ ತೆರಿಗೆಯನ್ನು ಖಾತೆ ಬಿಡಿಸಲಿಕ್ಕೆ ಮಾತ್ರ ಕಟ್ಟಬೇಕಾಗಿ ಬಂದರೆ, ಆಕ್ಷೇಪಣೆ ಉಳಿಸಿಕೊಂಡು ಕಟ್ಟುತ್ತಿದ್ದೇನೆ ಅಂತ ಅದೇ ದಿನ ಪತ್ರ ಕೊಡಿ.

ಡಿಆರ್‌ಸಿ-13 ಬಂದಿದ್ದರೆ

ಇಲ್ಲಿ ನೋಡಬೇಕಾದದ್ದು ಮೂರು ತಿಂಗಳ ಲೆಕ್ಕ. ಬೇಡಿಕೆಯ ಆದೇಶ ಕೈಸೇರಿದ ದಿನದಿಂದ ಮೂರು ತಿಂಗಳು ಕಟ್ಟಲು ಸಮಯ ಇದೆ. ಅಲ್ಲಿಯವರೆಗೆ ಸೆಕ್ಷನ್ 78ರ ಪ್ರಕಾರ ವಸೂಲಿ ಶುರು ಮಾಡುವಂತಿಲ್ಲ. ಬೇಗ ವಸೂಲಿ ಮಾಡಲೇಬೇಕು ಅಂದರೆ ಕಾರಣ ಬರೆದಿಟ್ಟು ಅವಧಿ ಕಡಿಮೆ ಮಾಡಬೇಕು. ಆ ತೀರ್ಮಾನ ಪ್ರಧಾನ ಆಯುಕ್ತರ ಅಥವಾ ಆಯುಕ್ತರ ಮಟ್ಟದಲ್ಲೇ ಆಗಬೇಕು ಅಂತ 2024ರ ಮೇ 30ರ ಕೇಂದ್ರದ ಸೂಚನೆ ಹೇಳುತ್ತದೆ. ಅಂಥ ಕಾರಣ ಇಲ್ಲದೆ ಎರಡನೇ ತಿಂಗಳಲ್ಲೇ ಖಾತೆಗೆ ಕೈ ಹಾಕಿದ್ದರೆ ತಕ್ಷಣ ಬರೆದು ಕೇಳಿ.

ಅಪೀಲು ಹಾಕುವುದಕ್ಕೂ ಅದೇ ಮೂರು ತಿಂಗಳು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು ಸಿಗುತ್ತದೆ, ಅದಕ್ಕಿಂತ ಇಲ್ಲ. ತಕರಾರಿರುವ ತೆರಿಗೆಯ ಶೇ. 10 ಕಟ್ಟಿ ಅಪೀಲು ಹಾಕಿದರೆ ಉಳಿದದ್ದರ ವಸೂಲಿ ತಾನಾಗಿ ನಿಲ್ಲುತ್ತದೆ. ಅದಕ್ಕೆ ಬೇರೆ ತಡೆಯಾಜ್ಞೆ ಬೇಕಿಲ್ಲ. 8 ಲಕ್ಷ ತೆರಿಗೆಯ ತಕರಾರಾದರೆ 80 ಸಾವಿರ. ಅಪೀಲಿನ ಸ್ವೀಕೃತಿ, ಕಟ್ಟಿದ ಚಲನ್ ಎರಡನ್ನೂ ವಸೂಲಿ ಅಧಿಕಾರಿಗೆ ಕೊಟ್ಟು ಡಿಆರ್‌ಸಿ-13 ಹಿಂದಕ್ಕೆ ಪಡೆಯಿರಿ ಅಂತ ಕೇಳಿ. ಬ್ಯಾಂಕಿಗೂ ಒಂದು ಪ್ರತಿ ಕೊಡಿ. ದುಡ್ಡು ಕೊಡಲೇಬೇಕು, ಆದರೆ ಒಟ್ಟಿಗೆ ಆಗುವುದಿಲ್ಲ ಅಂದರೆ ಡಿಆರ್‌ಸಿ-20ರಲ್ಲಿ ಕಂತು ಕೇಳಬಹುದು. ಗರಿಷ್ಠ 24 ತಿಂಗಳು. ಒಂದು ಕಂತು ತಪ್ಪಿದರೆ ಪೂರ್ತಿ ಬಾಕಿ ಒಟ್ಟಿಗೇ ಬೀಳುತ್ತದೆ.

ನೀವೇ ರಿಟರ್ನ್‌ನಲ್ಲಿ ತೋರಿಸಿ ಕಟ್ಟದೆ ಬಿಟ್ಟ ತೆರಿಗೆಗೆ ಈ ರಕ್ಷಣೆ ಇಲ್ಲ. ಅದು ನೀವೇ ಒಪ್ಪಿಕೊಂಡ ಬಾಕಿ, ನೇರವಾಗಿ ವಸೂಲಿ ಮಾಡಬಹುದು.

ರಿಟರ್ನ್ ಹಾಕದೆ ಬಿಟ್ಟು ಎಎಸ್‌ಎಂಟಿ-13, ಅಂದರೆ ಅಧಿಕಾರಿಯೇ ಅಂದಾಜಿನ ಮೇಲೆ ತೆರಿಗೆ ನಿಗದಿ ಮಾಡಿದ ಆದೇಶ ಬಂದವರಿಗೆ ಒಂದು ಸುಲಭದ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಆದೇಶ ಸಿಕ್ಕ 60 ದಿನದೊಳಗೆ ಆ ರಿಟರ್ನ್ ಸರಿಯಾಗಿ ಹಾಕಿ ತೆರಿಗೆ ಕಟ್ಟಿದರೆ ಆದೇಶವೇ ರದ್ದಾದಂತೆ. ಅದು ಮೀರಿದರೆ ಹೆಚ್ಚುವರಿ ಲೇಟ್ ಫೀ ಕಟ್ಟಿ ಇನ್ನೂ 60 ದಿನ ಇದೆ. ಬಡ್ಡಿ ಮತ್ತು ಲೇಟ್ ಫೀ ಮಾತ್ರ ತಪ್ಪುವುದಿಲ್ಲ.

ಹೈಕೋರ್ಟ್‌ಗೆ ಹೋಗುವುದು ಯಾವಾಗ

ತಾತ್ಕಾಲಿಕ ಜಪ್ತಿಯ ಆದೇಶದ ಮೇಲೆ ಜಿಎಸ್‌ಟಿ ಕಾಯ್ದೆಯ ಅಪೀಲು ಬರುವುದಿಲ್ಲ. ಹೈಕೋರ್ಟಿನಲ್ಲಿ ನೇರವಾಗಿ ಹಾಕುವ ರಿಟ್ ಅರ್ಜಿಯೇ ದಾರಿ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಎಲ್ಲಿಗೆ ಸೇರುತ್ತದೋ ಅಲ್ಲಿ ಹಾಕಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಡಿಆರ್‌ಸಿ-22ಎ ಹಾಕಿ ಒಂದೆರಡು ವಾರ ನೋಡಿ. ಆಕ್ಷೇಪಣೆಯನ್ನೇ ಹಾಕದೆ ಹೋದರೆ "ಮೊದಲು ಅಲ್ಲಿ ಹೇಳಿಕೊಂಡು ಬನ್ನಿ" ಅಂತ ಕೋರ್ಟ್ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ಆದರೆ ವರ್ಷ ಮುಗಿದ ಮೇಲೂ ಖಾತೆ ಬಿಡದಿದ್ದರೆ, ಸಿಸಿ ಖಾತೆ ಹಿಡಿದಿದ್ದರೆ, ಆಕ್ಷೇಪಣೆಗೆ ಉತ್ತರವೇ ಇಲ್ಲದಿದ್ದರೆ ಕಾಯುತ್ತ ಕೂರಬೇಡಿ. ಈ ಹಂತದಲ್ಲಿ ಸಿಎ ಒಬ್ಬರೇ ಸಾಲದು, ತೆರಿಗೆ ಪ್ರಕರಣ ನಡೆಸುವ ವಕೀಲರು ಬೇಕು.

ಆದಾಯ ತೆರಿಗೆಯವರು ಹಿಡಿದಿದ್ದರೆ

ಚೌಕಟ್ಟು ಇದೇ ತರಹದ್ದು, ಅವಧಿಗಳು ಬೇರೆ. 1961ರ ಕಾಯ್ದೆಯಲ್ಲಿ ತಾತ್ಕಾಲಿಕ ಜಪ್ತಿ ಸೆಕ್ಷನ್ 281ಬಿ, ಮೊದಲಿಗೆ ಆರು ತಿಂಗಳು. ಮೇಲಿನ ಅಧಿಕಾರಿಯ ಮುಂಚಿತ ಒಪ್ಪಿಗೆ ಬೇಕು. ಬ್ಯಾಂಕ್ ಗ್ಯಾರಂಟಿ ಕೊಟ್ಟು ಬಿಡಿಸಿಕೊಳ್ಳಬಹುದು. ವಸೂಲಿ ಸೆಕ್ಷನ್ 226(3). ಮೊದಲ ಅಪೀಲು ಬಾಕಿ ಇದ್ದಾಗ ಸಾಮಾನ್ಯವಾಗಿ ಬೇಡಿಕೆಯ ಶೇ. 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಕೊಡುವ ಪದ್ಧತಿ ಇದೆ. ಆದರೆ ಅದನ್ನು ಅರ್ಜಿ ಹಾಕಿ ಕೇಳಬೇಕು, ತಾನಾಗಿ ಸಿಗುವುದಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ. ನೋಟಿಸ್ ಯಾವ ಕಾಯ್ದೆಯದ್ದು ಅಂತ ನೋಡಿಕೊಂಡೇ ಉತ್ತರ ಬರೆಯಿರಿ.

ಬಿಡುಗಡೆ ಆದ ದಿನ

ಡಿಆರ್‌ಸಿ-23 ಕೈಗೆ ಬಂದ ದಿನವೇ ಬ್ಯಾಂಕಿನ ನಿಮ್ಮ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಎಷ್ಟೋ ಬ್ಯಾಂಕ್‌ಗಳಲ್ಲಿ ಫ್ರೀಜ್ ತೆಗೆಯುವುದು ಶಾಖೆಯಲ್ಲಲ್ಲ, ಬೇರೆ ಕಡೆಯ ವಿಭಾಗದಲ್ಲಿ. ಶಾಖೆಯವರು ಮುಂದೆ ಕಳಿಸಿದ ಇಮೇಲ್‌ನಲ್ಲಿ ನಿಮ್ಮನ್ನೂ ಸೇರಿಸಲು ಹೇಳಿ. ಬೇರೆ ಬ್ಯಾಂಕಿನ ಖಾತೆಗಳೂ ಜಪ್ತಿಯಾಗಿದ್ದರೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಆದೇಶ ಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಖಾತೆ ನಿಂತಿದ್ದಾಗ ವಾಪಸ್ ಬಂದ ಚೆಕ್‌ಗಳ ಮೆಮೊ ಎತ್ತಿಡಿ. ಚೆಕ್ ತೆಗೆದುಕೊಂಡಿದ್ದವರಿಗೆ ಡಿಆರ್‌ಸಿ-22ರ ಪ್ರತಿ ಸಮೇತ ಪತ್ರ ಬರೆದು ಬೇರೆ ರೀತಿ ದುಡ್ಡು ಕೊಡುವ ದಿನ ತಿಳಿಸಿ. ಅವರಿಂದ ಚೆಕ್ ಬೌನ್ಸ್ ನೋಟಿಸ್ ಬಂದಿದ್ದರೆ ಅದು ಸಿಕ್ಕ 15 ದಿನದೊಳಗೆ ಹಣ ಸಂದಾಯ ಮಾಡಿಬಿಡಿ. ಸಂಬಳ ತಡವಾಗಿದ್ದರೆ ಅದನ್ನು ಮೊದಲು ಹಾಕಿ. ಆಮೇಲೆ ನಿಂತುಹೋದ ತಿಂಗಳ ಜಿಎಸ್‌ಟಿ ರಿಟರ್ನ್ ತುಂಬಿ, ಬಾಕಿ ಹೋದ ಸಾಲದ ಕಂತಿನ ಬಗ್ಗೆ ಸಾಲ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ.